ಬಾವಿಯಲ್ಲಿ ಮುಳುಗದ ಅಂಜಿನಯ್ಯ

ಅಂಜಿನಯ್ಯನಿಗೆ ಚಳಿಯೆಂದರೆ ಹೆಂಡತಿಗಿಂತ ಹೆಚ್ಚು ಭಯ. ಆದರೆ ಎಂಬತ್ತಾರರ ಡಿಸೆಂಬರಿನ ಆ ಭಾನುವಾರ ಅತ್ತೆಯ ಭಯ ಎರಡನ್ನೂ ಮೀರಿಸಿತ್ತು. ಹೆಗ್ಗನಹಳ್ಳಿಯಿಂದ ಅತ್ತೆ ಬೋರಮ್ಮನವರು ಹನ್ನೊಂದು ಗಂಟೆಗೆ ಬಸವೇಶ್ವರನಗರದ ಮಗಳ ಮನೆಗೆ ದಯಮಾಡಿಸುವವರಿದ್ದರು. ಬಂದವರು ಕಾಲು ತೊಳೆದ ಕೂಡಲೇ ಮಜ್ಜಿಗೆ ಕೇಳುತ್ತಾರೆ. ಅದೂ ಮಗಳ ಮದುವೆಯಲ್ಲಿ ತಾವು ಕೊಟ್ಟ ಬೆಳ್ಳಿ ಚೊಂಬಿನಲ್ಲೇ ಆಗಬೇಕು. ಆ ಚೊಂಬು ದೀಪಾವಳಿಯಿಂದೀಚೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಕೊನೇ ಸಲ ನಿಮ್ ಕೈಲೇ ನೋಡಿದ್ದು. ಹಿಡ್ಕೊಂಡು ಹಿತ್ಲಿಗೆ ಹೋದ್ರಿ. ವಾಪಸ್ ತಂದ್ರಾ?” ಎಂದಳು ಇಂದ್ರಮ್ಮ.

ಅಂಜಿನಯ್ಯ ತಲೆ ಕೆರೆದುಕೊಂಡ. (ಬಿನ್ನಿಪೇಟೆಯ ಆಫೀಸಿನಲ್ಲಿ ಹತ್ತು ವರ್ಷದ ಹಿಂದಿನ ಫೈಲು ಯಾವ ಬೀರುವಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುವ ಗುಮಾಸ್ತ ಆತ. ಮನೆಯ ಹೊಸ್ತಿಲು ದಾಟಿದರೆ ಆ ಜ್ಞಾಪಕಶಕ್ತಿ ರಜೆ ಹಾಕುತ್ತಿತ್ತು.)

“ಹಿತ್ಲಲ್ಲಿರೋದು ಬಾವಿ ಒಂದೇ. ಅದಕ್ಕೇ ಬಿದ್ದಿರತ್ತೆ. ಹೋಗಿ ನೀಲಗಂಗಮ್ಮನ ಹತ್ರ ಪಾತಾಳಗರಡಿ ಇಸ್ಕೊಂಡ್ ಬನ್ನಿ.”

ಬಾವಿಗೆ ಬಿದ್ದ ಕೊಡ, ಬಕೆಟ್ಟುಗಳನ್ನು ಎತ್ತುವ ಆ ಕೊಕ್ಕೆಗಳ ಗೊಂಚಲು ಇಡೀ ಬೀದಿಗೆ ಇದ್ದದ್ದು ಒಂದೇ, ಪಕ್ಕದ ಮನೆಯ ನೀಲಗಂಗಮ್ಮನ ಹತ್ತಿರ.

“ಬೇಡ ಕಣೇ! ಆಯಮ್ಮನ ಕಿವಿಗೆ ಬಿದ್ರೆ ನಿಮ್ಮಮ್ಮ ಬಸ್ ಹತ್ತೋದ್ರೊಳಗೆ ಹೆಗ್ಗನಹಳ್ಳಿಗೆ ಸುದ್ದಿ ಮುಟ್ಟಿರತ್ತೆ. ನಾನೇ ಇಳೀತೀನಿ.”

“ಈ ಚಳೀಲಾ? ಸ್ನಾನಕ್ಕೆ ಎರಡು ಹಂಡೆ ಬಿಸಿನೀರು ಬೇಕು ನಿಮಗೆ!”

ಅಂಜಿನಯ್ಯ ಮುಗುಳ್ನಕ್ಕ. ಬ್ಯಾಡರಹಳ್ಳಿಯ ತೋಟದ ಬಾವಿಯಲ್ಲಿ ಈಜಿ ಬೆಳೆದವನಿಗೆ ನೀರಿನ ಹೆದರಿಕೆ ಇರಲಿಲ್ಲ. ಚಳಿಗೂ ಉಪಾಯ ಅಟ್ಟದ ಮೇಲಿತ್ತು. ಬಾಮೈದ ಮುನಿರಾಜು ಬೊಂಬಾಯಿ ಬಂದರಿನಲ್ಲಿ ನೀರಿನಡಿ ಇಳಿದು ಹಡಗಿನ ತಳ ನೋಡುವ ಕೆಲಸದವನು. ರಜೆಗೆ ಊರಿಗೆ ಬಂದಿದ್ದ ಅವನ ರಬ್ಬರ್ ಉಡುಪು ಕಂಡು ಬೋರಮ್ಮನವರು “ಹೆಣದ ಚರ್ಮ ಇದ್ದಂಗದೆ, ಮನೆಯೊಳಕ್ಕೆ ತರಬೇಡ” ಎಂದದ್ದರಿಂದ ಅದರ ಚೀಲ ಇಲ್ಲಿ ಉಳಿದಿತ್ತು. “ಚಳಿ ಜಾಸ್ತಿ ಇದ್ರೆ ತೆಳ್ಳಂದು ಒಳಗೆ, ದಪ್ಪಂದು ಮೇಲೆ, ಎರಡು ಹಾಕ್ಕೋತೀವಿ ಭಾವ. ಒಳಗೆ ಹೋದ ನೀರು ಮೈ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲತ್ತೆ” ಎಂದು ಅವನೇ ಹೇಳಿದ್ದ.

ತೆಳ್ಳನೆಯದನ್ನು ಏರಿಸಲು ಒಂದು ಬಟ್ಟಲು ಕೊಬ್ಬರಿ ಎಣ್ಣೆ ಮುಗಿಯಿತು. ದಪ್ಪನೆಯದಕ್ಕೆ ಒಂದು ಡಬ್ಬ ಪೌಡರ್ ಸುರಿದು, ಇಂದ್ರಮ್ಮ ಗಂಡನ ಬೆನ್ನಿಗೆ ಮೊಣಕಾಲು ಕೊಟ್ಟು ಜಿಪ್ ಎಳೆದಳು. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಅವಳಿಗೆ ಇಂಥ ಅವಕಾಶ ಸಿಕ್ಕಿದ್ದು ಇದೇ ಮೊದಲು.

“ಇದೇನ್ರೀ, ಸೀಸದ ಬಿಲ್ಲೆ ಪೋಣಿಸಿರೋ ಬೆಲ್ಟು?”

“ಅದು ಬೇಡ, ತೆಗೆದಿಡು. ನೀರಿಗಿಳಿಯೋನಿಗೆ ಭಾರ ಯಾಕೆ? ಆಮೇಲೆ ಮೇಲಕ್ಕೆ ಬರೋದು ಹೆಂಗೆ?”

ಹೀಗೆಂದು ಆ ಮಹಾಮೇಧಾವಿ ಕಾಲು ಅಗಲಿಸಿಕೊಂಡು ಹಿತ್ತಿಲಿಗೆ ನಡೆದ. ಬಾವಿಯ ಗೋಡೆಯ ಚಾಚುಗಲ್ಲುಗಳ ಮೇಲೆ ಹೇಗೋ ಜಾರುತ್ತಾ ಇಳಿದು ನೀರಿಗೆ ಬಿದ್ದ.

“ಇಂದ್ರಾ! ಬೆಚ್ಚಗಿದೆ ಕಣೇ! ಹಂಡೆಯೊಳಗೆ ಕೂತಂಗಿದೆ!”

“ಬಿಸಿನೀರು ಕಾಯಿಸೋಕಾ ನಿಮ್ಮನ್ನ ಇಳಿಸಿದ್ದು? ಮುಳುಗ್ರೀ!”

“ಮುಳುಗ್ತಾ ಇದೀನಿ!”

“ತೇಲ್ತಾ ಇದೀರಿ!”

ನಿಜವೇ. ಸೀಸದ ಭಾರವಿಲ್ಲದ ಎರಡು ಪದರ ರಬ್ಬರು ಅವನನ್ನು ನೀರಿನ ಮೇಲೆ ಅಂಗಾತ ಮಲಗಿಸಿಬಿಟ್ಟಿತ್ತು. ತಲೆ ಅದುಮಿದರೆ ಕಾಲು ಮೇಲೆದ್ದಿತು, ಕಾಲು ಅದುಮಿದರೆ ಹೊಟ್ಟೆ. ಅರ್ಧ ಗಂಟೆ ಒದ್ದಾಡಿ, ಹತ್ತಿ ಹೋಗೋಣವೆಂದರೆ ಮೊಣಕಾಲು ಮಡಚಲಿಲ್ಲ. ಆಗ ಅಂಜಿನಯ್ಯನಿಗೆ ನಿಜವಾಗಿಯೂ ಗಾಬರಿಯಾಯಿತು. ಮೇಲೆ ಇಂದ್ರಮ್ಮನ ದನಿಯಲ್ಲೂ ಅಳು ಸೇರಿಕೊಂಡಿತು. “ಚೊಂಬು ಹಾಳಾಗ್ಲಿ, ನೀವು ಬನ್ರೀ ಮೇಲಕ್ಕೆ!”

ಈ ಕೂಗಾಟಕ್ಕೆ ಬಾರದಿದ್ದರೆ ಅವರು ನೀಲಗಂಗಮ್ಮನೇ ಅಲ್ಲ. ಬಂದು ಬಾವಿಗೆ ಬಗ್ಗಿ, “ಅಯ್ಯೋ, ಇದೇನಮ್ಮ ಕರ್ರಗೆ?” ಎಂದರು.

“ನಮ್ಮನೆಯವರು ಕಣ್ರೀ,” ಎಂದು ಇಂದ್ರಮ್ಮ ಅಳುತ್ತಲೇ ಎಲ್ಲ ಒದರಿದಳು.

“ಬೆಳ್ಳಿ ಚೊಂಬಾ? ಅದು ನಮ್ಮನೆ ದೇವರ ಗೂಡಲ್ಲೇ ಅದೆ!” ಎಂದರು ನೀಲಗಂಗಮ್ಮ. “ದೀಪಾವಳೀಲಿ ನೀರು ತುಂಬೋ ಹಬ್ಬದ ದಿನ ನಿಮ್ಮ ಬಕೆಟ್ ಬಾವಿಗೆ ಬಿತ್ತಲ್ಲ, ಅಂಜಿನಯ್ಯೋರು ಪಾತಾಳಗರಡಿ ಕೇಳ್ಕೊಂಡು ಬಂದ್ರು. ಒತ್ತೆ ಇಲ್ದೆ ಗರಡಿ ಕೊಡಬಾರ್ದು, ಒಂದು ಪಾತ್ರೆ ಇಟ್ಟು ತಗೊಂಡ್ಹೋಗಿ ಅಂದೆ. ಕೈಲಿದ್ದ ಚೊಂಬು ಇಟ್ರು. ಗರಡೀನ ನಮ್ಮ ಗೇಟಿಗೆ ನೇತಾಕಿ ಹೋದೋರು, ಒತ್ತೆ ಬಿಡಿಸ್ಕೊಳ್ಳೋಕೆ ಬರ್ಲೇ ಇಲ್ಲ. ಎಲ್ರೂ ತೂತು ಬಿದ್ದ ಪಾತ್ರೆ ಇಡ್ತಾರೆ ಕಣಮ್ಮ, ಬೆಳ್ಳಿ ಇಟ್ಟೋರು ನಿಮ್ಮನೆಯವರೊಬ್ರೇ!”

ಬಾವಿಯೊಳಗೆ ಅಂಜಿನಯ್ಯನಿಗೆ ಎಲ್ಲ ನೆನಪಾಯಿತು. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹತ್ತು ಪಾಲು ನೆಮ್ಮದಿಯಾಯಿತು. ಆಕಾಶ ನೋಡುತ್ತಾ ಸುಮ್ಮನೆ ತೇಲಿದ. ಇಂದ್ರಮ್ಮ ಬೈಯಲು ಬಾಯಿ ತೆರೆದವಳು ಬಾವಿಕಟ್ಟೆಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನೀಲಗಂಗಮ್ಮ ಚೊಂಬು ತಂದುಕೊಡುವುದಕ್ಕೂ ಬೋರಮ್ಮನವರು ಮಗ ಮುನಿರಾಜುವಿನೊಡನೆ ಬರುವುದಕ್ಕೂ ಸರಿಹೋಯಿತು. ಭಾವನ ದನಿ ಎಲ್ಲಿಂದ ಬರುತ್ತಿದೆಯೆಂದು ತಿಳಿದ ಮುನಿರಾಜು ಹಗ್ಗ ಬಿಟ್ಟು ಅವನನ್ನು ಮೇಲಕ್ಕೆಳೆದ. ನೀರು ಸುರಿಸುತ್ತಾ ನಿಂತ ಅಳಿಯನನ್ನು ಬೋರಮ್ಮನವರು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬಾವಿ ಕ್ಲೀನ್ ಮಾಡ್ತಿದ್ರು ಅಮ್ಮ,” ಎಂದಳು ಇಂದ್ರಮ್ಮ ಥಟ್ಟನೆ. ನೀಲಗಂಗಮ್ಮ ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಸೆರಗು ಅಡ್ಡ ಹಿಡಿದು ಸುಮ್ಮನಿದ್ದರು.

ಬೋರಮ್ಮನವರು ಬೆಳ್ಳಿ ಚೊಂಬಿನ ಮಜ್ಜಿಗೆ ಪೂರ್ತಿ ಕುಡಿದು ಬಾಯಿ ಒರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ಈ ಚಳೀಲಿ, ಯಾರ ಕೈಲೂ ಹೇಳಿಸ್ಕೊಳ್ದೆ! ನಿಮ್ಮನ್ನ ಏನೋ ಅಂದ್ಕೊಂಡಿದ್ದೆ ಅಳಿಯಂದ್ರೇ. ನಮ್ಮ ಹೆಗ್ಗನಹಳ್ಳಿ ಬಾವಿ ಹೂಳು ತುಂಬಿ ಹತ್ತು ವರ್ಷ ಆಯ್ತು. ಆಳ ಜಾಸ್ತಿ ಅಂತ ಒಬ್ಬ ಕೂಲಿಯವನೂ ಇಳಿಯಕ್ಕೆ ಒಪ್ತಾ ಇಲ್ಲ. ಮುಂದಿನ ಭಾನುವಾರ ಬಂದ್ಬಿಡಿ.”

ಅಂಜಿನಯ್ಯ ದೀನನಾಗಿ ಹೆಂಡತಿಯ ಮುಖ ನೋಡಿದ.

“ಬರ್ತಾರೆ ಅಮ್ಮ,” ಎಂದಳು ಇಂದ್ರಮ್ಮ. “ಮೊದಲನೇ ಬಸ್ಸಿಗೇ ಕಳಿಸ್ತೀನಿ.”