ಕಂಡಕ್ಟರ್ ಕೊಂಡ ಬಸ್ಸು

ನಗೆಪಾಟಲಾಗುವ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡೇ ಬರುತ್ತವೆ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದಾಗಲೂ ಬಂದವು, ನಿವೃತ್ತನಾದ ಮೇಲೂ ಬಿಟ್ಟಿಲ್ಲ. ದಿನವಿಡೀ ತುಂಬಿದ ಬಸ್ಸಿನಲ್ಲಿ "ಮುಂದೆ ಹೋಗ್ರಿ, ಮುಂದೆ ಹೋಗ್ರಿ" ಎಂದು ಕೂಗಿದವನು ನಾನು. ಹೆಂಡತಿ ತೀರಿಕೊಂಡ ಮೇಲೆ ಚನ್ನಗಿರಿಯ ಮನೆಯಲ್ಲಿ ಹಾಲಿನವನು ಬಂದು ಹೋದರೆ ಅವತ್ತಿನ ಮಾತು ಮುಗಿಯಿತು. ಒಂದು ದಿನ ಗೋಡೆಗೇ "ಮುಂದೆ ಹೋಗ್ರಿ" ಅಂದುಬಿಟ್ಟೆ. ಆಗ ಹೆದರಿಕೆಯಾಯಿತು. ಹಳೇ ಬಸ್ಸೊಂದನ್ನು ಕೊಂಡು, ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿಕೊಂಡು, ಊರೂರು ತಿರುಗೋಣ ಎಂದು ನಿರ್ಧರಿಸಿದೆ.

"ಮೇಲಿನ ಬಣ್ಣಕ್ಕೆ ಮರುಳಾಗಬೇಡ, ಇಂಜಿನ್ ನೋಡು" ಎಂದರು ಎಲ್ಲರೂ. ಇಂಜಿನ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದು ಮುಂದಿರುತ್ತದೆ, ನಾನು ಹಿಂದಿರುತ್ತಿದ್ದೆ.

ಹೊಗೆಯ ಪಾಠ

ನಮ್ಮ ಬೀದಿಯ ಮೆಕ್ಯಾನಿಕ್ ಪಾಠ ಶುರು ಮಾಡಿದ. "ಕಪ್ಪು ಹೊಗೆ ಬಂದ್ರೆ ಡೀಸೆಲ್ ಸರಿಯಾಗಿ ಉರೀತಿಲ್ಲ. ನೀಲಿ ಬಂದ್ರೆ ಆಯಿಲ್ ಸುಡ್ತೈತೆ. ಇಂಜಿನ್ ತಣ್ಣಗಿದ್ದಾಗ್ಲೇ ಸ್ಟಾರ್ಟ್ ಮಾಡಿಸ್ರಿ. ಎಷ್ಟೋ ಜನ ದೋಷ ಮುಚ್ಚಾಕೆ ಮೊದ್ಲೇ ಬಿಸಿ ಮಾಡಿ ಇಟ್ಟಿರ್ತಾರೆ."

"ಹೊಗೆ ಬರಲೇ ಇಲ್ಲ ಅಂದ್ರೆ?"

"ಇಂಜಿನ್ನೇ ಸ್ಟಾರ್ಟ್ ಆಗಿಲ್ಲ ಅಂತ."

ಮಾತಾಡಲು ಒಬ್ಬ ಸಿಕ್ಕನಲ್ಲ ಎಂದು ಮರುದಿನವೂ ಏನೋ ಅನುಮಾನ ಹುಟ್ಟಿಸಿಕೊಂಡು ಹೋದೆ. ಅದರ ಮರುದಿನವೂ. ನಾಲ್ಕನೇ ದಿನ ಅವನು ಸ್ಪ್ಯಾನರ್ ಕೆಳಗಿಟ್ಟ. "ಅಣ್ಣಾರೇ, ನೀವು ಬಸ್ ತಗೊಳ್ಳಾಕೆ ಕೇಳ್ತಿದೀರೋ, ಪರೀಕ್ಷೆ ಬರೆಯಾಕೆ ಕೇಳ್ತಿದೀರೋ?"

ಹೊನ್ನಾಳಿಯ ಬಿಸಿಲು

ಮಾರಾಟಕ್ಕಿದ್ದ ಬಸ್ಸೊಂದನ್ನು ನೋಡಲು ಬೆಳಗಿನ ಮೊದಲ ಬಸ್ಸಿಗೇ ಹೊನ್ನಾಳಿಗೆ ಹೋದೆ. ಪಾಠದಂತೆ ಮೊದಲು ಇಂಜಿನ್ ಮೇಲೆ ಕೈಯಿಟ್ಟೆ. ಕೈ ಚುರ್ ಅಂದಿತು.

"ಬಿಸಿ ಐತಲ್ರೀ?"

"ನಮ್ಮೂರ ಬಿಸಿಲೇ ಹಂಗೆ ರೀ" ಎಂದ ಮಾಲೀಕ, ಕಣ್ಣು ಮಿಟುಕಿಸದೆ.

ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ನ್ಯಾಮತಿಯ ಪ್ರಶ್ನೆ

ನ್ಯಾಮತಿಯಲ್ಲಿದ್ದದ್ದು ಹೊಸ ನಮೂನೆಯ ಇಂಜಿನ್ನು. ಎಲ್ಲಾ ಕಂಪ್ಯೂಟರ್‌ ಹೇಳಿದ ಹಾಗೆ ಕೇಳುತ್ತದಂತೆ.

"ದಾರೀಲಿ ಕೆಟ್ರೆ?"

"ಲ್ಯಾಪ್‌ಟಾಪ್ ಇರೋ ಮೆಕ್ಯಾನಿಕ್ ಬರ್ಬೇಕು ರೀ" ಎಂದ ಮಾಲೀಕ.

ಹಳ್ಳಿ ದಾರಿಯಲ್ಲಿ ಅವನನ್ನು ಎಲ್ಲಿ ಹುಡುಕಲಿ? ಬೇಡವೆಂದೆ. ಅಷ್ಟರಲ್ಲಿ ಮಾಲೀಕನ ಹೆಂಡತಿ ಚಹಾ ತಂದಳು. "ಎಷ್ಟು ಜನ ಹೋಗ್ತೀರಿ, ಅಣ್ಣಾರೇ?"

"ನಾನೊಬ್ಬನೇ ಕಣಮ್ಮ."

"ಒಬ್ರಿಗೆ ಯಾಕ್ರೀ ಇಷ್ಟು ದೊಡ್ಡ ಬಸ್ಸು? ಒಂದು ಸ್ಕೂಟರ್ ತಗೊಂಡ್ರೆ ಸಾಕಲ್ಲ!"

"ಸ್ಕೂಟರಿನಲ್ಲೂ ಹಿಂದಿನ ಸೀಟು ಖಾಲಿನೇ ಇರ್ತೈತಲ್ಲಮ್ಮ" ಎಂದೆ.

ನಗಲಿ ಎಂದೇ ಹೇಳಿದ್ದು. ಆಕೆ ನಗಲಿಲ್ಲ, ತಟ್ಟೆಗೆ ಇನ್ನೆರಡು ಬಿಸ್ಕತ್ತು ಹಾಕಿದಳು.

ಜಗಳೂರು

ಜಗಳೂರಿನ ಬಸ್ಸಿನ ಮಾಲೀಕ ನನ್ನ ವಯಸ್ಸಿನವನೇ. ತಾನೇ ಓಡಿಸಿ, ತಾನೇ ನಿಲ್ಲಿಸಿದವನು. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಇಂಜಿನ್ ಮುಟ್ಟಿದೆ, ಮಡಕೆಯ ನೀರಿನಂತೆ ತಣ್ಣಗಿತ್ತು. ಒಂದೇ ಕೀಗೆ ಸ್ಟಾರ್ಟ್ ಆಯಿತು. ಹೊಗೆಯೂ ಹದವಾಗಿತ್ತು.

"ಹಳೇ ಡೀಸೆಲ್ ಪಂಪಿನ ಇಂಜಿನ್ ರೀ, ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲ. ಯಾವ ಹಳ್ಳೀಲಿ ನಿಂತ್ರೂ ರಿಪೇರಿ ಆಗ್ತೈತೆ" ಎಂದ. "ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಚಹಾ ಮುಗಿಯೋತನ ಇದ್ರ ಸದ್ದು ಕೇಳ್ತೀನಿ. ಮನೇಲಿ ಬೇರೆ ಸದ್ದಿಲ್ಲ ನೋಡ್ರಿ."

ಅಲ್ಲೇ ವ್ಯಾಪಾರ ಮುಗಿಸಿ ದುಡ್ಡು ಎಣಿಸಿಕೊಟ್ಟೆ. ಅವನು ಕೀ ಕೊಟ್ಟು ಕೆಳಗಿಳಿದು ನಿಂತ. ನಾನು ಹಿಂದಿನ ಬಾಗಿಲಲ್ಲಿ ಹತ್ತಿ, ಕಂಬಿ ಹಿಡಿದು, ಜೇಬಿನ ಸೀಟಿ ತೆಗೆದು ಊದಿದೆ.

ಬಸ್ಸು ಅಲ್ಲಾಡಲಿಲ್ಲ.

ಇನ್ನೊಮ್ಮೆ ಊದಿದೆ. ಕಿಟಕಿಯ ಕೆಳಗಿನಿಂದ ಅವನು ಕೇಳಿದ: "ಡ್ರೈವರ್ ಎಲ್ರೀ?"

ತಿಂಗಳಿಡೀ ಹೊಗೆ, ಪಂಪು, ಬಿಸಿ, ತಂಪು ಎಲ್ಲಾ ಪರೀಕ್ಷೆ ಮಾಡಿದ್ದೆ. ಓಡಿಸುವವರು ಯಾರು ಎಂಬುದು ಮಾತ್ರ ಹೊಳೆದಿರಲಿಲ್ಲ. ಮೂವತ್ತು ವರ್ಷ ನಾನು ಸೀಟಿ ಊದಿದರೆ ಬಸ್ಸು ಹೋಗುತ್ತಿತ್ತು, ಅಷ್ಟೇ.

"ನನಗೆ ಓಡ್ಸಾಕೆ ಬರಲ್ಲ ರೀ" ಎಂದೆ.

ಅವನು ಟವಲಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಆಮೇಲೆ ಮನೆಯೊಳಗೆ ಹೋದ. ಬ್ಯಾಗೊಂದನ್ನು ಹಿಡಿದು ಬಂದು, ಬಾಗಿಲಿಗೆ ಬೀಗ ಹಾಕಿ, ನನ್ನ ಕೈಯಿಂದ ಕೀ ತೆಗೆದುಕೊಂಡು ಡ್ರೈವರ್ ಸೀಟಿನಲ್ಲಿ ಕೂತ. ಆದರೂ ಬಸ್ಸು ಹೊರಡಲಿಲ್ಲ.

"ಮತ್ತೇನ್ರೀ?" ಎಂದೆ.

"ಕಂಡಕ್ಟರು ಹೇಳ್ದೆ ನಾನು ಯಾವತ್ತೂ ಗಾಡಿ ತೆಗ್ದಿಲ್ಲ. ಎಲ್ರೂ ಹತ್ತಿದ್ರಾ ನೋಡ್ರಿ."

ಸೀಟುಗಳನ್ನೆಲ್ಲ ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿದೆ. ಒಂದು ನರಪಿಳ್ಳೆಯೂ ಇರಲಿಲ್ಲ.

"ಎಲ್ರೂ ಹತ್ತಿದ್ರು" ಎಂದು ಕೂಗಿದೆ. "ರೈಟ್, ರೈಟ್!"