ನನ್ನ ಬಾಲ್ಕನಿ ಎದುರು ಮನೆಯಲ್ಲಿದೆ

ಬೈಸಿಕೊಳ್ಳುವುದು ನನಗೆ ಕಷ್ಟವಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಸವೆದವನು ನಾನು. ಗಣಿತದ ಪಾಠ ಮುಗಿಯದೆ ಹೋದಾಗಲೆಲ್ಲ ನನ್ನ ಪೀರಿಯಡ್ಡನ್ನು ಕಿತ್ತುಕೊಂಡು, ಕಿತ್ತುಕೊಂಡಿದ್ದಕ್ಕೆ ನಾನೇ ನಗುತ್ತಿರಬೇಕೆಂದು ಬಯಸುವ ಹೆಡ್‌ಮಾಸ್ಟರುಗಳ ಕೈಕೆಳಗೆ ಪಳಗಿದ ಮೈ ಇದು. ಆದರೆ ಮಾಡದ ಉಪಕಾರಕ್ಕೆ ಹೊಗಳಿಸಿಕೊಳ್ಳುವುದಿದೆಯಲ್ಲ, ಅದು ಬೇರೆಯೇ ಹಿಂಸೆ. ಬೈದರೆ ತಿರುಗಿ ಬೈಯಬಹುದು, ಹೊಗಳಿದರೆ ಏನು ಮಾಡುವುದು? ನಾಲ್ಕು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಎದುರು ಮನೆಯ ತಿಪ್ಪೇಸ್ವಾಮಿಯವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡು, "ಮೇಷ್ಟ್ರೇ, ನಿಮ್ಮಂಥೋರು ಈ ಕಾಲದಾಗೆ ಸಿಗಲ್ಲ ಬಿಡ್ರಿ" ಎನ್ನುತ್ತಾರೆ. ಕೈಯಲ್ಲಿ ಹಾಲಿನ ಪಾಕೀಟು ಹಿಡಿದುಕೊಂಡು ನಾನು ಹೊಸ ಮದುಮಗನ ಹಾಗೆ ನೆಲ ನೋಡುತ್ತೇನೆ. ಅವರು ಅದನ್ನು ವಿನಯ ಎಂದುಕೊಂಡಿದ್ದಾರೆ.

ವಿಷಯ ಇಷ್ಟೇ. ಚಳ್ಳಕೆರೆಯ ಹೊರಗೆ, ಹಳೆಯ ಎಣ್ಣೆ ಮಿಲ್ಲೊಂದರ ಪಕ್ಕದಲ್ಲಿ 'ಗಗನಸಿರಿ' ಎಂಬ ಅಪಾರ್ಟ್‌ಮೆಂಟ್ ಬರುತ್ತದೆಂದು ಊರಲ್ಲಿ ಸುದ್ದಿಯಾಯಿತು. ಇದ್ದದ್ದು ಮೂರೇ ಮಹಡಿ, ಗಗನ ಅಲ್ಲಿಂದ ಇನ್ನೂ ಬಹಳ ದೂರವಿತ್ತು. ಆದರೂ ನಾನು ಬುಕ್ ಮಾಡಿದೆ. ಕಾರಣ ನನ್ನ ಹೆಂಡತಿ ಪದ್ಮ. ಅವಳು ಮೊಳಕಾಲ್ಮೂರಿನ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಮದುವೆ ಮನೆಗಳವರು ಹುಡುಕಿಕೊಂಡು ಬಂದು ಕಟ್ಟಿಸಿಕೊಂಡು ಹೋಗುವಷ್ಟು ಚೆಂದದ ಕೆಲಸ. ಆದರೆ ನಮ್ಮ ಬಾಡಿಗೆ ಮನೆ ಹಗಲಲ್ಲೂ ದೀಪ ಬೇಡುವಂಥದ್ದು. ಟ್ಯೂಬ್‌ಲೈಟಿನ ಕೆಳಗೆ ನೇರಳೆಗೂ ನೀಲಿಗೂ ವ್ಯತ್ಯಾಸ ತಿಳಿಯದೆ ಅವಳು ಕಟ್ಟಿದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಕಟ್ಟಿ ಕಣ್ಣು ಕೆಡಿಸಿಕೊಳ್ಳುತ್ತಿದ್ದಳು. "ಬೆಳಗಿನ ಬಿಸಿಲು ಬೀಳೋ ಒಂದು ಜಾಗ ಕೊಡಿಸ್ರಿ ಸಾಕು, ಬೇರೆ ಏನೂ ಕೇಳಲ್ಲ" ಅಂದಿದ್ದಳು. ಹೆಂಡತಿಯಾದವಳು ಒಂದೇ ಒಂದು ಕೇಳಿ ಸುಮ್ಮನಾದರೆ ಗಂಡನಾದವನು ಎಚ್ಚರವಾಗಿರಬೇಕು.

ಎರಡನೇ ಮಹಡಿಯಲ್ಲಿ ಎರಡು ಮನೆ. ನಡುವೆ ಮೆಟ್ಟಿಲು, ಆ ಕಡೆ ಒಂದು, ಈ ಕಡೆ ಒಂದು. ಒಂದರ ಬಾಲ್ಕನಿ ಪೂರ್ವಕ್ಕೆ, ಎದುರಿಗೆ ಖಾಲಿ ಜಾಗ, ಅದರಾಚೆ ಶೇಂಗಾ ಹೊಲ. ಇನ್ನೊಂದರದ್ದು ಪಶ್ಚಿಮಕ್ಕೆ, ಎದುರಿಗೆ ಎಣ್ಣೆ ಮಿಲ್ಲಿನ ಗೋಡೆ. ಬಿಲ್ಡರ್ ನಕ್ಷೆ ಬಿಚ್ಚಿದಾಗ ಅದಕ್ಕೆ ಆಗಲೇ ಪೂಜೆಯಾಗಿತ್ತು, ದಿಕ್ಕು ತೋರಿಸುವ ಬಾಣದ ಗುರುತಿನ ಮೇಲೆಯೇ ಅರಿಶಿನ ಕುಂಕುಮ ಬಳಿದಿದ್ದರು. ಕೆಳಗಡೆ ರಸ್ತೆಯ ಗೆರೆಯೊಂದು ಮಾತ್ರ ಕಾಣುತ್ತಿತ್ತು. ರಸ್ತೆಯಲ್ಲಿ ಕಟ್ಟಡದ ಕಡೆ ಮುಖಮಾಡಿ ನಿಂತರೆ ಬಲಗಡೆ ಪೂರ್ವ, ನನಗೆ ಅಷ್ಟು ಸಾಕಾಗಿತ್ತು. ನಮ್ಮಪ್ಪ ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಿದ್ದವರು. ಅಂಚಿನ ನವಿಲು, ಹಂಸಗಳನ್ನು ಗ್ರಾಫ್ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಾಗದದ ಚೌಕಗಳನ್ನು ಎಣಿಸಿ ಹೇಳುತ್ತಿದ್ದೆ. ನಮ್ಮ ಮಗ್ಗದಲ್ಲಿ ಸೀರೆಯ ಹೊರಮೈ ಕೆಳಗೆ, ಒಳಮೈ ಮೇಲೆ. ನೇಯುವವನ ಕಣ್ಣಿಗೆ ಕಾಣುವುದು ಹಿಂಬದಿ. ಹಾಗಾಗಿ ಕಾಗದದಲ್ಲಿ ಎಡಕ್ಕೆ ನೋಡುವ ನವಿಲು ಮಗ್ಗದ ಮೇಲೆ ಬಲಕ್ಕೆ ನೋಡುತ್ತದೆ. ಇದು ನನಗೆ ಅಕ್ಷರ ಕಲಿಯುವ ಮೊದಲೇ ಬಂದ ವಿದ್ಯೆ. ನಕ್ಷೆ ಕಂಡ ಕೂಡಲೇ ಕಣ್ಣು ತಾನಾಗಿಯೇ ಕಾಗದದ ಎಡವನ್ನು ನೆಲದ ಬಲ ಮಾಡಿಕೊಂಡಿತು. ಸೀರೆಯನ್ನು ಮಗುಚಿ ನೋಡಬಹುದು, ಮೂರು ಮಹಡಿಯ ಕಟ್ಟಡವನ್ನು ಯಾರೂ ಮಗುಚಿ ನೋಡುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಎಡಗಡೆಯ ಮನೆಯ ಮೇಲೆ ಬೆರಳಿಟ್ಟು, "ಇದು ಪೂರ್ವದ್ದು, ಇದು ನನಗಿರಲಿ" ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಷ್ಟರಲ್ಲಿ ತಿಪ್ಪೇಸ್ವಾಮಿಯವರು ಬಂದರು. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ನನಗೆ ಬಹುಕಾಲದ ಪರಿಚಯ. "ನಂಗೆ ಈ ನಕ್ಷೆ ಗಿಕ್ಷೆ ಒಂದೂ ಗೊತ್ತಾಗಲ್ಲ ಮೇಷ್ಟ್ರೇ. ನೀವು ಹೆಂಗಂತೀರೋ ಹಂಗೆ" ಎಂದರು. ಇಲ್ಲಿ ನಾನು ಓದುಗರಿಂದ ಏನನ್ನೂ ಮುಚ್ಚಿಡುವುದಿಲ್ಲ. ಮಿಲ್ಲಿನ ಗೋಡೆಯ ಕಡೆಯದು ಎಂದು ನಾನು ನಂಬಿದ್ದ ಬಲಗಡೆಯ ಮನೆಯನ್ನು ಅವರಿಗೆ ತೋರಿಸಿ, "ಇದು ನಿಮಗೆ ಸರಿಹೋಗುತ್ತದೆ, ನೆರಳು ಚೆನ್ನಾಗಿರುತ್ತದೆ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಆ ಕಸಿವಿಸಿ ಕಾಫಿ ಮುಗಿಯುವ ಹೊತ್ತಿಗೆ ಇಳಿಯಿತು.

ಕಟ್ಟಡ ಏಳುತ್ತಿದ್ದಾಗ ವಾರಕ್ಕೊಮ್ಮೆ ಹೋಗಿ ಪೂರ್ವದ ಬಾಲ್ಕನಿಯಲ್ಲಿ ನಿಂತು ಬರುತ್ತಿದ್ದೆ. ಬಿಲ್ಡರ್ ಅತ್ತ ತಲೆಹಾಕುತ್ತಿರಲಿಲ್ಲ, ಯಾವ ಮನೆ ಯಾರದೆಂಬುದು ಗಾರೆಯವನಿಗೆ ಬೇಕಿರಲಿಲ್ಲ. ಗೋಡೆಗೆ ನಾನೇ ನೀರು ಹಾಕಿದ್ದೇನೆ. ಪದ್ಮನಿಗೆ ಕೈಗೆಟುಕಲೆಂದು ಅಡುಗೆ ಕಟ್ಟೆಯನ್ನು ಎರಡಿಂಚು ತಗ್ಗಿಸಿದೆ. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ಕುಚ್ಚು ಕಟ್ಟಲೆಂದು ಗಾರೆಯವನನ್ನು ಕಾಡಿ ಬೇಡಿ ಒಂದು ಸಣ್ಣ ಕಟ್ಟೆ ಕಟ್ಟಿಸಿದೆ. ಅಲ್ಲಿ ಬಿಸಿಲು ಎಷ್ಟು ಹೊತ್ತಿನವರೆಗೆ ಇರುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದೆ. ಇಷ್ಟು ಶ್ರದ್ಧೆಯಿಂದ ನಾನು ನನ್ನ ಮದುವೆಯ ಕೆಲಸವನ್ನೂ ಮಾಡಿಸಿರಲಿಲ್ಲ.

ಕಟ್ಟಡ ಮುಗಿಯುವುದಕ್ಕೆ ಇನ್ನೂ ನಾಲ್ಕೈದು ತಿಂಗಳ ಕೆಲಸ ಬಾಕಿಯಿತ್ತು. ಆದರೆ ಪುರೋಹಿತರು ಪಂಚಾಂಗ ನೋಡಿ, ಆಷಾಢಕ್ಕೆ ಮೊದಲು ಉಳಿದಿರುವುದು ಒಂದೇ ಮುಹೂರ್ತ, ತಪ್ಪಿದರೆ ಮುಂದೆ ಒಳ್ಳೆಯದು ಬಹಳ ದೂರ ಎಂದರು. ಎಲ್ಲ ಮನೆಯವರೂ ಒಂದೇ ದಿನ ಗೃಹಪ್ರವೇಶ ಇಟ್ಟುಕೊಂಡೆವು. ಲಿಫ್ಟ್ ಇರಬೇಕಾದ ಕಡೆ ಬಾವಿಯಂಥ ತೂತು, ಮೆಟ್ಟಿಲಿಗೆ ಕಂಬಿಯಿಲ್ಲ, ನೀರು ಟ್ಯಾಂಕರಿನದು. ಎಲ್ಲರಿಗೂ ಸೇರಿ ಒಂದೇ ಹಸು. ಅದು ಮನೆಮನೆ ಹೊಕ್ಕು ಗಂಭೀರವಾಗಿ ಮೂರನೇ ಮಹಡಿಯವರೆಗೆ ಹತ್ತಿತು. ಇಳಿಯುವ ಮಾತು ಬಂದಾಗ ಮಾತ್ರ ಕಾಲೂರಿ ನಿಂತಿತು. ಕೆಳಗೆ ತರಲು ಸಂಜೆಯಾಯಿತು. ಬೆಳಿಗ್ಗೆ ಅದು ಹತ್ತುತ್ತಿದ್ದ ಗಡಿಬಿಡಿಯಲ್ಲೇ ಬಿಲ್ಡರ್ ಬಂದು ಕೈಗೆ ಕೀಲಿ ಕೊಟ್ಟು, "ಮೇಷ್ಟ್ರೇ, ನಿಮ್ಮದು ಆ ಕಡೆ" ಎಂದು ಮಿಲ್ಲಿನ ಗೋಡೆಯತ್ತ ಕೈ ತೋರಿಸಿದ.

ನಾನು ನಕ್ಷೆ ಕಿತ್ತುಕೊಂಡು ನೋಡಿದೆ. ಎಡದ್ದು ಎಡಕ್ಕೇ ಇತ್ತು. ಪುರೋಹಿತರು ಬಾಗಿಲಲ್ಲಿ ನಿಂತು "ಮುಹೂರ್ತ ಮೀರ್ತೈತೆ, ಬಲಗಾಲಿಡ್ರಿ" ಎಂದು ಅವಸರಿಸುತ್ತಿದ್ದರು. ಪದ್ಮನಿಗೆ ಸಿಟ್ಟು ಬಂದಾಗ ಬಾಯಲ್ಲಿ ತವರಿನ ತೆಲುಗು ಬರುತ್ತದೆ. ಒಳಗೆ ಕಾಲಿಟ್ಟವಳೇ ಬಾಲ್ಕನಿಯವರೆಗೆ ಹೋಗಿ, ಕೈ ಚಾಚಿದರೆ ಮುಟ್ಟುವಂತಿದ್ದ ಗೋಡೆ ನೋಡಿ, "ಇದೇನಾ ಮನ ಇಲ್ಲು?" ಎಂದಳು. ಇದೇ ಏನು ನಮ್ಮ ಮನೆ, ಎಂದು. ಅಷ್ಟರಲ್ಲಿ ಹಾಲು ಉಕ್ಕಿತು. ಹಾಲು ಉಕ್ಕಿದ ಮನೆಯನ್ನು ಬದಲಾಯಿಸುವ ಮಾತೆತ್ತುವ ಹಾಗಿಲ್ಲ, ದೀಪ ಹಚ್ಚಿದ ಮೇಲೆ ಬೀಗ ಹಾಕಿ ಹೋಗುವ ಹಾಗೂ ಇಲ್ಲ. ಅವತ್ತೇ ಚಾಪೆ ದಿಂಬು ತಂದು ವಾಸ ಶುರುಮಾಡಿದೆವು. ಎದುರು ಮನೆಯಲ್ಲಿ ತಿಪ್ಪೇಸ್ವಾಮಿಯವರ ಹಾಲೂ ಉಕ್ಕಿತ್ತು. ನಾನು ತಗ್ಗಿಸಿದ ಕಟ್ಟೆಯ ಮೇಲೆ.

ವಾಸಕ್ಕೆ ಬಂದ ಮೇಲೆ ಕಟ್ಟಡದ ಉಳಿದ ಗುಣಗಳೂ ಗೊತ್ತಾದವು. ನಮ್ಮ ಬಚ್ಚಲ ಬಾಗಿಲು ಪೂರ್ತಿ ತೆರೆಯಬೇಕಾದರೆ ವಾಷ್ ಬೇಸಿನ್ ತೆಗೆಯಬೇಕು. ಮೇಲಿನ ಮನೆಯವರ ನಡುಮನೆಯ ನಟ್ಟನಡುವೆ ಒಂದು ಕಂಬ ನಿಂತಿದೆ, ಅವರು ಅದಕ್ಕೆ ಕ್ಯಾಲೆಂಡರ್ ತೂಗುಹಾಕಿ ಸಮಾಧಾನ ಮಾಡಿಕೊಂಡಿದ್ದಾರೆ. ಕೆಳಗಿನವರ ಮಲಗುವ ಕೋಣೆಯ ಕಿಟಕಿ ಮೆಟ್ಟಿಲಿಗೇ ತೆರೆದುಕೊಳ್ಳುತ್ತದೆ. ಹತ್ತಿ ಇಳಿಯುವವರೆಲ್ಲ ಅವರನ್ನು ವಿಚಾರಿಸಿಕೊಂಡೇ ಹೋಗುತ್ತಾರೆ. ಎಲ್ಲರೂ ಬಿಲ್ಡರನ್ನು ಬೈದರು, ಎಲ್ಲರಿಗಿಂತ ಜೋರಾಗಿ ನಾನು ಬೈದೆ.

ಆದರೆ ಪದ್ಮ ಕುಚ್ಚು ಕಟ್ಟುವುದನ್ನು ಬಿಡಲಿಲ್ಲ. ಎರಡನೇ ವಾರದಿಂದ ಬೆಳಿಗ್ಗೆ ಕೆಲಸ ಮುಗಿಸಿ ಸೀರೆಗಳ ಗಂಟು ಎತ್ತಿಕೊಂಡು ಎದುರು ಮನೆಗೆ ಹೋಗತೊಡಗಿದಳು. ತಿಪ್ಪೇಸ್ವಾಮಿಯವರ ಹೆಂಡತಿ ಗಂಗಮ್ಮ ಬಾಗಿಲು ತೆರೆದು ಕರೆಯುತ್ತಿದ್ದರು. ಪದ್ಮ ಆ ಸಣ್ಣ ಕಟ್ಟೆಯ ಮೇಲೆ, ನಾನು ಸೀಮೆಸುಣ್ಣದಲ್ಲಿ ಅಳೆದಿದ್ದ ಬಿಸಿಲಿನಲ್ಲಿ ಕೂತು ಕಟ್ಟುತ್ತಾಳೆ. ಕಣ್ಣು ಉರಿಯುತ್ತದೆಂಬ ಮಾತು ನಿಂತಿತು. ತಿಪ್ಪೇಸ್ವಾಮಿಯವರ ಹೊಗಳಿಕೆ ಶುರುವಾದದ್ದೂ ಅದೇ ವಾರ. ಒಳ್ಳೆಯದನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಗೋಡೆಯ ಕಡೆಯದನ್ನು ತಾನು ಇಟ್ಟುಕೊಂಡ ಮಹಾನುಭಾವ ನಾನು! ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಗಂಗಮ್ಮ ಮುಖ ತಿರುಗಿಸಿ ಬಾಗಿಲು ಹಾಕಿಕೊಂಡಾರು, ಪದ್ಮನ ಬಿಸಿಲು ಹೋದೀತು ಎಂದು ಹೆದರಿ ಮುಚ್ಚಿದೆ. ಹೇಡಿತನಕ್ಕೆ ಹೆಂಡತಿಯ ಕಣ್ಣಿಗಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ?

ಮೊನ್ನೆ ಭಾನುವಾರ ಸಂಜೆ ಮನೆ ಮಾಲೀಕರ ಸಂಘದ ಮೊದಲ ಸಭೆ ಸೇರಿತು. ಅಧ್ಯಕ್ಷರು ಯಾರೆಂಬ ಮಾತು ಬಂದ ಕೂಡಲೇ ತಿಪ್ಪೇಸ್ವಾಮಿಯವರು ಎದ್ದು ನನ್ನ ತ್ಯಾಗದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ನಿಂತು, "ತ್ಯಾಗ ಏನೂ ಇಲ್ಲ. ನಾನು ನಕ್ಷೆಯನ್ನು ತಪ್ಪಾಗಿ ಓದಿದೆ, ಅಷ್ಟೇ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರಾಯಿಂಗ್ ಮೇಷ್ಟ್ರು ನಕ್ಷೆ ತಪ್ಪಾಗಿ ಓದುವುದುಂಟೇ, ಎಂಥ ದೊಡ್ಡ ಗುಣ ಎಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಮೆಟ್ಟಿಲು ಹತ್ತುವಾಗ ಪದ್ಮ, "ಅರ್ಧ ಹೇಳಿದ್ರಿ" ಎಂದಳು.

"ಇನ್ನರ್ಧ ಹೇಳಿದ್ರೆ ನಿನ್ನ ಜಾಗ ಹೋಗ್ತಿತ್ತಲ್ಲೇ" ಎಂದೆ.

"ಏನೂ ಹೋಗ್ತಿರಲಿಲ್ಲ. ಅದನ್ನ ನಾನು ಬಂದ ವಾರದಾಗೆ ಗಂಗಮ್ಮಕ್ಕಂಗೆ ಹೇಳೀನಿ. ಈ ಅಡುಗೆ ಕಟ್ಟೆ ಯಾಕೆ ಇಷ್ಟು ತಗ್ಗೈತೆ ಅಂತ ಕೇಳಿದ್ರು. ಸುಳ್ಳು ಹೆಂಗೆ ಹೇಳ್ಲಿ? ಚಲೋದು ನಮಗಿರಲಿ ಅಂತ ನಮ್ಮನೆಯೋರು ಗೋಡೆ ಕಡೇದು ನಿಮಗೆ ತೋರಿಸಿದ್ರು, ದೇವರು ತಿರುಗಿಸಿಟ್ಟ ಅಂದೆ."

"ತಿಪ್ಪೇಸ್ವಾಮಿಯವರಿಗೂ ಗೊತ್ತಾ?"

"ಅಲ್ಲೇ ಕಾಫಿ ಕುಡೀತಾ ಇದ್ರು. ನಗ್ತಾ ನಗ್ತಾ ಕಾಫಿ ಚೆಲ್ಲಿಕೊಂಡ್ರು. ಆಮೇಲೆ, ಬಾಲ್ಕನಿಯಾಗೆ ನಿನಗೆ ಅಂತ ಕಟ್ಟಿದ ಕಟ್ಟೆ ಐತಲ್ಲವ್ವ, ದಿನಾ ಇಲ್ಲೇ ಬಂದು ಕೂತ್ಕಾ ಅಂದ್ರು."

ನಾನು ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ನಾಲ್ಕು ತಿಂಗಳ ಹೊಗಳಿಕೆಯಲ್ಲಿ ಎಷ್ಟು ಗೇಲಿ, ಎಷ್ಟು ಕ್ಷಮೆ ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ. ಬೆಳಗಾಗಲಿ, ಉಳಿದರ್ಧವನ್ನು ನಾನೇ ಅವರ ಮುಂದೆ ಹೇಳಿ ಕೈಮುಗಿಯುತ್ತೇನೆ ಎಂದು ಗಟ್ಟಿಮನಸ್ಸು ಮಾಡಿದೆ.

ಮರುದಿನ ಹಾಲು ತರಲು ಹೊರಟಾಗ ತಿಪ್ಪೇಸ್ವಾಮಿಯವರು ಬಾಗಿಲಲ್ಲೇ ನಿಂತಿದ್ದರು. ಅವರ ಬೆನ್ನ ಹಿಂದೆ ಬಾಲ್ಕನಿಯಲ್ಲಿ ಪದ್ಮನೂ ಗಂಗಮ್ಮನೂ ಕೆಂಪು ಸೀರೆಯೊಂದನ್ನು ಬಿಸಿಲಿಗೆ ಹರಡಿಕೊಂಡಿದ್ದರು. "ಅಧ್ಯಕ್ಷರೇ, ನಿಮ್ಮಂಥೋರು ಈ ಕಾಲದಾಗೆ ಸಿಗಲ್ಲ ಬಿಡ್ರಿ" ಎಂದರು ಅವರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಎಲ್ಲವನ್ನೂ ಹೇಳಿಬಿಡಲೆಂದು ಬಾಯಿ ತೆರೆದೆ.

"ಅಯ್ಯೋ, ಇದರಲ್ಲೇನಿದೆ ಬಿಡಿ," ಎಂದಿತು ನನ್ನ ಬಾಯಿ, "ಅಕ್ಕಪಕ್ಕದವರಿಗೆ ಅಷ್ಟೂ ಮಾಡದಿದ್ದರೆ ಹೇಗೆ?"