ಹೆಬ್ಬೆಟ್ಟಿನ ಮಷೀನ್ ಮತ್ತು ನನ್ನ ವೀಸಾ

ಇಂಥವು ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ಅಂಗಡಿ, ಕಂಪನಿಗಳು ಜನರ ಖಾಸಗಿ ಮಾಹಿತಿಯನ್ನು ರಾಜ್ಯದ ಕಾನೂನಿನಂತೆ ಕಾಪಾಡುತ್ತಿವೆಯೋ ಇಲ್ಲವೋ ನೋಡಿ, ತಪ್ಪಿದ್ದರೆ ತಿದ್ದಿಸುವುದು ನನ್ನ ಕೆಲಸ. ಕೇಳುವುದಕ್ಕೆ ಗಂಭೀರ, ಮಾಡಲು ಹೋದರೆ ವಾರಕ್ಕೊಂದು ಫಜೀತಿ. ಈ ಸಲದ್ದು ಅಮೆರಿಕದ ಇಲಿನಾಯ್ ರಾಜ್ಯದ ಲೊಂಬಾರ್ಡ್‌ನ ಒಂದು ಇಂಡಿಯನ್ ಗ್ರೋಸರಿ ಅಂಗಡಿ. ಮಾಲೀಕರು ಹುಬ್ಬಳ್ಳಿ ಕಡೆಯ ಅಂಕಲ್. ಶುಕ್ರವಾರದೊಳಗೆ ಅವರ ಕಾಗದಪತ್ರ ಸರಿಹೋಗದಿದ್ದರೆ ನನ್ನನ್ನು ಮನೆಗೆ ಕಳಿಸುವುದಾಗಿ ಬಾಸ್ ಹೇಳಿಬಿಟ್ಟಿದ್ದರು. ನನ್ನ ವೀಸಾ ನಿಂತಿರುವುದೇ ಈ ಕೆಲಸದ ಮೇಲೆ; ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ಊರಿಗೆ ಗಂಟುಮೂಟೆ ಕಟ್ಟಬೇಕು. ಹೆದರಿಕೆಗೆ ನನಗೆ ಅನ್ನವೇ ಸೇರುತ್ತಿರಲಿಲ್ಲ.

೧. ಕೇಳಿದರೆ ತಾನೇ?

ಹನ್ನೆರಡು ಕೆಲಸಗಾರರ ಹಾಜರಿಗೆ ಹೆಬ್ಬೆಟ್ಟು ಒತ್ತುವ ಮಷೀನ್ ಗೋಡೆಯಲ್ಲಿತ್ತು. ಇಲಿನಾಯ್‌ನಲ್ಲಿ ಬೆರಳಚ್ಚು ಪಡೆಯುವ ಮೊದಲು ಲಿಖಿತ ಒಪ್ಪಿಗೆ ಬೇಕೇ ಬೇಕು.

“ಅಂಕಲ್, ಎಲ್ಲರ ಒಪ್ಪಿಗೆ ಕೇಳಿದ್ರಾ?”

“ಕೇಳಿದ ಮ್ಯಾಲೆ ಬ್ಯಾಡ ಅಂದ್ರ?”

“ಬೇಡ ಅಂದ್ರೆ ತಗೊಳ್ಳೋ ಹಾಗಿಲ್ಲ.”

ಅಂಕಲ್ ಮುಖ ಅರಳಿತು. “ನೋಡಿದೇನ ತಂಗಿ? ಅದಕ್ಕ ನಾವು ಕೇಳೇ ಇಲ್ಲ!”

೨. ಮನೆಯವರ ಸಹಿ

ಒಪ್ಪಿಗೆ ಪತ್ರಗಳನ್ನು ಕೊಟ್ಟು ಬಂದೆ. ಮರುದಿನ ಹನ್ನೆರಡೂ ಸಹಿಯಾಗಿ ಬಂದವು. ದೇವರು ದೊಡ್ಡವನು ಎಂದುಕೊಂಡು ತಿರುವಿದರೆ, ಹನ್ನೆರಡೂ ಒಂದೇ ಕೈಬರಹ.

“ನಾನ ಮಾಡೀನಿ,” ಎಂದರು ಅಂಕಲ್ ಹೆಂಡತಿ. “ಅವ್ರೆಲ್ಲಾ ನಮ್ಮನಿ ಮಂದಿ ಇದ್ದಂಗ. ಪಾಪ, ಕೆಲಸದಾಗ ಇದ್ರು.”

“ಆಂಟಿ, ಇದನ್ನ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ!”

“ಹೆಂಗ ಗೊತ್ತಾಗ್ತದ? ಒಂದೊಂದಕ್ಕೂ ಬ್ಯಾರೆ ಬ್ಯಾರೆ ಪೆನ್ ತಗೊಂಡೀನಿ!”

೩. ಶುಕ್ರವಾರ

ಹೊಸ ಪತ್ರ ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಅಡುಗೆಯವರು ಖಡಾಖಂಡಿತವಾಗಿ ಬೇಡ ಎಂದರು. ಅವರು ಮುನಿಸಿಕೊಂಡರೆ ಅಂಗಡಿಯಲ್ಲಿ ಶನಿವಾರದ ಹೋಳಿಗೆ ವ್ಯಾಪಾರ ಇಲ್ಲ. ಹಾಗಾಗಿ ಅಂಕಲ್ ಮಷೀನನ್ನೇ ತೆಗೆಸಿ ರಿಜಿಸ್ಟರ್ ಇಟ್ಟರು. ಬೆರಳಚ್ಚುಗಳನ್ನೆಲ್ಲ ನಾನೇ ಕೂತು ಅಳಿಸಿದೆ. ಮಷೀನನ್ನು ಹಳೆ ಎಲೆಕ್ಟ್ರಾನಿಕ್ಸ್ ತಗೊಳ್ಳುವ ಕಡೆ ಕೊಟ್ಟು ರಸೀದಿ ತನ್ನಿ ಎಂದು ಅಂಕಲ್‌ಗೆ ಮೂರು ಸಲ ಹೇಳಿದೆ.

ಶುಕ್ರವಾರ ಬಾಸ್ ನಾರ್ತ್‌ವಿಲ್‌ನ ಹೆಡ್ ಆಫೀಸಿನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು, ಮುಖ ಗಂಟಿಕ್ಕಿಕೊಂಡೇ ಬಂದರು. ಅವರು ಅಮೆರಿಕದವರು, ಕನ್ನಡ ಬಾರದು. ಕಾಗದಪತ್ರ ನೋಡಿದ ಮೇಲೆ, ಮಷೀನ್ ನಾಶವಾಗಿದ್ದಕ್ಕೆ ಪುರಾವೆ ಎಲ್ಲಿ ಎಂದರು.

ಅಂಕಲ್ ರಸೀದಿ ಕೊಡಲಿಲ್ಲ, ಫೋನ್ ಕೊಟ್ಟರು. ವಿಡಿಯೋದಲ್ಲಿ ಅಂಗಡಿ ಹಿಂದೆ ನೀಲಿ ಡ್ರಮ್ಮಿನ ತುಂಬ ನೀರು. ಹೂವಿನ ಹಾರ ಹಾಕಿದ ಮಷೀನ್ ಹಿಡಿದು ಅಂಕಲ್ ನಿಂತಿದ್ದಾರೆ. ಆಂಟಿ ಆರತಿ ಎತ್ತುತ್ತಿದ್ದಾರೆ.

“ಅಂಕಲ್, ಏನಿದು?” ಬಾಸ್‌ಗೆ ತಿಳಿಯದಂತೆ ಕನ್ನಡದಲ್ಲಿ ಕೇಳಿದೆ.

“ಪ್ರತಿ ವರ್ಷ ಆಯುಧ ಪೂಜಿ ಮಾಡಿದ ಮಷೀನ್ ತಂಗಿ. ಕಸಕ್ಕ ಹೆಂಗ ಹಾಕೋದು? ಕೆರಿಗೆ ಬಿಟ್ರ ಪೊಲೀಸರು ಬರ್ತಾರ. ಅದಕ್ಕ ಡ್ರಮ್ಮಿನ್ಯಾಗ ವಿಸರ್ಜನಾ ಮಾಡಿದ್ವಿ.”

ವಿಡಿಯೋದಲ್ಲಿ ಮಷೀನ್ ಮೂರು ಸಲ ಮುಳುಗಿ ಎದ್ದು ಕೊನೆಗೆ ತಳ ಸೇರಿತು. ಡ್ರಮ್ಮಿನ ಸುತ್ತ ನಿಂತಿದ್ದ ಹನ್ನೆರಡೂ ಕೆಲಸಗಾರರು ಗಣಪತಿ ಕಳಿಸುವ ಅಭ್ಯಾಸಬಲದಿಂದ ಒಂದೇ ಸಮನೆ ಕೂಗಿದರು. ಏನು ಕೂಗುತ್ತಿದ್ದಾರೆ ಎಂದು ಬಾಸ್ ನನ್ನನ್ನೇ ಕೇಳಿದರು. ಸುಳ್ಳು ಹೇಳೋಣವೆನಿಸಿತು, ಧೈರ್ಯ ಸಾಲಲಿಲ್ಲ. “ಮುಂದಿನ ವರ್ಷ ಬೇಗ ಬಾ ಅಂತ ಮಷೀನಿಗೆ ಹೇಳುತ್ತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟರೆ ಬಾಸ್ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಸೋಮವಾರ ಇನ್ನೊಂದು ಅಂಗಡಿಗೆ ಹೋಗು ಎಂದರು. ಕೆಲಸ ಉಳಿಯಿತು, ವೀಸಾ ಉಳಿಯಿತು. ಆಮೇಲೆ ವರದಿಯಲ್ಲಿ ಅವರೇ ಕೈಯಾರೆ ಬರೆದರು:

“ಮಷೀನ್: ನಾಶವಾಗಿದೆ. ಮುಂದಿನ ವರ್ಷ ವಾಪಸ್ ಬರುವ ಸಾಧ್ಯತೆ: ಇದೆ.”